ಎರಡು ಬ್ಲೇಡು, ಅಗರದ ಅವಳಿ ಗಡ್ಡ

ಯಳಂದೂರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲಿರುವ ನಿಂಗರಾಜುವಿನ ಕಟಿಂಗ್ ಶಾಪಿಗೆ ಶಿವಮಲ್ಲಪ್ಪ ಮೇಷ್ಟ್ರು ಹದಿನೆಂಟು ವರ್ಷದ ಗಿರಾಕಿ. ಒಂದು ಬುಧವಾರ ಬೆಳಿಗ್ಗೆ ಅವರು ಕುರ್ಚಿಯಲ್ಲಿ ಕೂತು, ನೊರೆ ಹಚ್ಚಿಸಿಕೊಂಡು, ಎಂದಿನಂತೆ ಕಣ್ಣು ಮುಚ್ಚಿದ್ದರು. ಕತ್ತಿ ಕೆನ್ನೆಯ ಮೇಲೆ ಮೂರು ಸಲ ಇಳಿದಿತ್ತೋ ಇಲ್ಲವೋ, ಪಕ್ಕನೆ ಕಣ್ಣು ಬಿಟ್ಟರು.

"ಬ್ಲೇಡು ಬದಲಾಯಿಸಿದ್ದೀಯ."

ನಿಂಗರಾಜುವಿನ ಕೈ ಗಾಳಿಯಲ್ಲೇ ನಿಂತಿತು. "ಊಂ ಸಾ. ನಿಮ್ಗೆಂಗ್ ಗೊತ್ತಾಯ್ತು?"

"ನನ್ನ ಕೆನ್ನೆ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗತ್ತೆ? ಉರೀತಾ ಇದೆ."

"ಅಳೇದು ಕಾರ್ಬನ್ ಸ್ಟೀಲು ಸಾ, ಸಿಕ್ಕದೇ ಕಷ್ಟ ಆಗದೆ. ವಸಿ ನೀರ್ ಬಿದ್ರೆ ವತ್ತಾರೆಗೆ ತುಕ್ಕು. ಇದು ಸ್ಟೈನ್‌ಲೆಸ್ಸು. ಈಗ ಎಲ್ಲಾರೂ ಇದನ್ನೇ ಆಕದು. ಇದೇ ನೈಸು."

ಶಿವಮಲ್ಲಪ್ಪ ಮೇಷ್ಟ್ರು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಅರ್ಧ ಮುಖದಲ್ಲಿ ನೊರೆ ಇಟ್ಟುಕೊಂಡೇ ಕುರ್ಚಿಯಲ್ಲಿ ತಿರುಗಿ ಕೂತು ಪಾಠ ಶುರು ಮಾಡಿದರು. ತುಕ್ಕು ಹಿಡಿಯದಿರಲಿ ಅಂತ ಉಕ್ಕಿಗೆ ಕ್ರೋಮಿಯಂ ಸೇರಿಸುತ್ತಾರೆ, ಕ್ರೋಮಿಯಂ ಸೇರಿದರೆ ಒಳಗಿನ ಕಣ ದಪ್ಪವಾಗುತ್ತದೆ, ಕಣ ದಪ್ಪವಾದರೆ ಅಂಚು ಒರಟಾಗುತ್ತದೆ, ಕಾರ್ಬನ್ ಸ್ಟೀಲಿಗೆ ಬರುವ ಹರಿತ ಇನ್ನೊಂದಕ್ಕೆ ಬರುವುದಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ತಾವು ಮತ್ತೆ ಹತ್ತನೇ ಕ್ಲಾಸಿಗೆ ಬಂದೆವೇನೋ ಎಂದು ಬೆದರಿ ಮೆಲ್ಲಗೆ ಎದ್ದು ಹೋದರು.

ನಿಂಗರಾಜು ಎಲ್ಲವನ್ನೂ ಕೇಳಿ, "ಅದೆಲ್ಲಾ ಸರಿ ಸಾ, ಗಡ್ಡಕ್ಕೆ ಕೆಮಿಸ್ಟ್ರಿ ಗೊತ್ತಾ?" ಎಂದ.

ಆ ಮಾತು ಮೇಷ್ಟ್ರಿಗೆ ನಾಟಿತು. ಮನೆಗೆ ಹೋದರೂ ಬಿಡಲಿಲ್ಲ, ಊಟಕ್ಕೆ ಕೂತರೂ ಬಿಡಲಿಲ್ಲ. ಹೇಳಿ ಒಪ್ಪಿಸಲಾಗದ್ದನ್ನು ಮಾಡಿ ತೋರಿಸಬೇಕು ಎಂದು ಅವರು ಮೂವತ್ತೆರಡು ವರ್ಷ ಮಕ್ಕಳಿಗೆ ಹೇಳಿದ್ದರು. ಈಗ ತಾವೇ ಮಾಡಿ ತೋರಿಸಲು ಹೊರಟರು.

ಮೊದಲು ಕಾರ್ಬನ್ ಬ್ಲೇಡು ಬೇಕಿತ್ತು. ಕೊಳ್ಳೇಗಾಲದಲ್ಲಿ ಅಂಗಡಿ ಅಂಗಡಿ ಸುತ್ತಿದರು. ಎಲ್ಲರೂ ಸ್ಟೈನ್‌ಲೆಸ್ಸನ್ನೇ ಮುಂದಿಟ್ಟರು. ಒಬ್ಬ ಹುಡುಗಿ, "ಅಂಕಲ್, ಅದು ಈಗ ಬರಲ್ಲ, ಟ್ರಿಮ್ಮರ್ ಕೊಡ್ಲಾ?" ಎಂದಳು. ಕೊನೆಗೆ ಹನೂರಿನ ಒಬ್ಬ ಮುದುಕ ಅಂಗಡಿಯವನ ಹತ್ತಿರ, ಕರ್ಪೂರದ ಡಬ್ಬಗಳ ಹಿಂದೆ, ಮೇಣದ ಕಾಗದ ಸುತ್ತಿದ ಪೊಟ್ಟಣಗಳು ಸಿಕ್ಕವು. ಮಾದಪ್ಪನ ಬೆಟ್ಟದಲ್ಲಿ ಮುಡಿ ತೆಗೆಯುವವರು ಹಿಂದೆ ಬಂದು ಒಯ್ಯುತ್ತಿದ್ದರಂತೆ, ಈಗ ಯಾರೂ ಕೇಳುವುದಿಲ್ಲವಂತೆ. ಮೇಷ್ಟ್ರು ಇದ್ದಷ್ಟನ್ನೂ ಕೊಂಡರು.

ಮೊದಲ ಪ್ರಯೋಗ ತಮ್ಮ ಮುಖದ ಮೇಲೇ ಆಯಿತು. ಎಡಕ್ಕೆ ಕಾರ್ಬನ್, ಬಲಕ್ಕೆ ಸ್ಟೈನ್‌ಲೆಸ್. ಒಂದು ವಾರದ ನಂತರ ಎಡಗೆನ್ನೆ ಬೆಣ್ಣೆಯಂತಿದೆ ಎಂದು ಸಾಬೀತು ಮಾಡಲು ಹೋದರೆ ನಿಂಗರಾಜು ಒಂದೇ ಮಾತಿನಲ್ಲಿ ಕೆಡವಿಬಿಟ್ಟ.

"ನೀವು ಎಡ ಮಗ್ಗುಲಾಗಿ ಮಲ್ಗೋರು ಸಾ. ಅದ್ಕೇ ಎಡಗೆನ್ನೆ ಕೂದ್ಲು ಯಾವತ್ತೂ ಮೆತ್ತಗೆ. ಅದಿನೆಂಟ್ ವರ್ಸದಿಂದ ಕೆರೀತಾ ಇವ್ನಿ, ನನಗ್ ಗೊತ್ತಿಲ್ವಾ?"

ಮೇಷ್ಟ್ರಿಗೆ ನಾಚಿಕೆಯಾಯಿತು. ವಾದ ಸರಿಯಾಗಿತ್ತು. ಒಂದು ಮುಖದ ಎರಡು ಕೆನ್ನೆ ಒಂದೇ ಅಲ್ಲ. ಬೇಕಾದ್ದು ಒಂದೇ ಥರದ ಎರಡು ಮುಖ. ರಾತ್ರಿ ಊಟ ಬಡಿಸುವಾಗ ಹೆಂಡತಿ ಚನ್ನಾಜಮ್ಮನಿಗೆ ಇದನ್ನು ಹೇಳಿಕೊಂಡರು. ಆಕೆ ಮುದ್ದೆಯ ಮೇಲೆ ಸಾರು ಬಿಡುತ್ತಾ, "ನಮ್ಮೂರಲ್ಲಿ ಇಲ್ವಾ ದೊಡ್ಡಮಾದಯ್ಯ, ಚಿಕ್ಕಮಾದಯ್ಯ. ಹೆತ್ತವಳ್ಗೇ ಗುರುತು ಸಿಕ್ತಿರ್ಲಿಲ್ಲ" ಎಂದರು. ಆಮೇಲೆ ಏನೋ ನೆನಪಾಗಿ, "ಆದ್ರೆ ಅವ್ರಿಬ್ರಿಗೂ ಮಾತಿಲ್ಲ ಕಣ್ರೀ" ಎಂದು ಸೇರಿಸಿದರು. ಮೇಷ್ಟ್ರು ಎರಡನೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಚನ್ನಾಜಮ್ಮನ ತವರು ಅಗರ. ಅಲ್ಲಿಯ ಈ ಅವಳಿ ಅಣ್ಣತಮ್ಮಂದಿರಿಗೆ ಆಗ ಐವತ್ತೊಂದು ವರ್ಷ. ಇಬ್ಬರಿಗೂ ಬೇಸಾಯ, ಇಬ್ಬರಿಗೂ ಒಂದೇ ಎತ್ತರ, ಒಂದೇ ಮೂಗು, ಒಂದೇ ಕಡೆ ಸುಳಿ, ತಂತಿಯಂಥ ಒಂದೇ ಗಡ್ಡ. ಹನ್ನೊಂದು ವರ್ಷದ ಕೆಳಗೆ, ಅವರ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಕಾಮಗೆರೆಯಲ್ಲಿ ಹಾಸಿಗೆ ಹಿಡಿದಾಗ ಒಂದು ಮಾತು ಅಂದುಬಿಟ್ಟಿದ್ದಳು: ಮೊದಲು ಹುಟ್ಟಿದವನ ಕೈಗೆ ಕಟ್ಟಬೇಕಾದ ದಾರವನ್ನು ಗಡಿಬಿಡಿಯಲ್ಲಿ ಎರಡನೆಯವನಿಗೆ ಕಟ್ಟಿದೆನೋ ಏನೋ. ಅಂದರೆ ಚಿಕ್ಕಮಾದಯ್ಯನೇ ದೊಡ್ಡವನು. ಅವತ್ತಿನಿಂದ ಚಿಕ್ಕಮಾದಯ್ಯ ಅಣ್ಣನನ್ನು ಅಣ್ಣಾ ಎನ್ನಲಿಲ್ಲ. ದೊಡ್ಡಮಾದಯ್ಯ ತಮ್ಮನನ್ನು ಲೇ ಎನ್ನುವುದನ್ನು ಬಿಡಲಿಲ್ಲ. ಮನೆಯ ನಡುವೆ ಗೋಡೆ ಎದ್ದಿತು, ಮಾತು ನಿಂತಿತು.

ಮೇಷ್ಟ್ರು ಇಬ್ಬರ ಬಾಗಿಲಿಗೂ ಹೋಗಿ ಬೇರೆ ಬೇರೆಯಾಗಿ ಕೇಳಿದರು. ಇಪ್ಪತ್ತೊಂದು ದಿನ ಬಿಟ್ಟಿ ಶೇವಿಂಗು, ವಿಜ್ಞಾನಕ್ಕೆ ಉಪಕಾರ. ಇಬ್ಬರೂ ಕೇಳಿದ ಪ್ರಶ್ನೆ ಒಂದೇ: "ಅವನ್ಗೆ ಯಾವ್ ಬ್ಲೇಡು?"

"ಅದನ್ನು ಹೇಳೋ ಹಾಗಿಲ್ಲ."

ಹೇಳುವ ಹಾಗಿಲ್ಲ ಎಂದರೆ ಒಳ್ಳೆಯದು ಅವನಿಗೇ ಎಂದು ಇಬ್ಬರಿಗೂ ಗ್ಯಾರಂಟಿಯಾಯಿತು. ಹಾಗಾಗದಂತೆ ಕಾಯಲು ತಾನು ಅಲ್ಲಿರಲೇಬೇಕು ಎಂದು ಇಬ್ಬರೂ ಒಪ್ಪಿಕೊಂಡರು.

ಅಕ್ಟೋಬರ್ ಇಪ್ಪತ್ತಕ್ಕೆ ಕೆಲಸ ಶುರುವಾಯಿತು. ನಿಂಗರಾಜುವಿನ ಶಾಪಿನಲ್ಲಿ ಎರಡು ಕುರ್ಚಿ. ನೀಲಿ ಟವೆಲಿನ ಕುರ್ಚಿ ದೊಡ್ಡಮಾದಯ್ಯನದು, ಅಲ್ಲಿ ಕಾರ್ಬನ್. ಕೆಂಪು ಟವೆಲಿನದು ಚಿಕ್ಕಮಾದಯ್ಯನದು, ಅಲ್ಲಿ ಸ್ಟೈನ್‌ಲೆಸ್. ಮೊದಲ ದಿನವೇ ತಕರಾರು ಬಂತು. ತಾನು ದೊಡ್ಡವನಾದ್ದರಿಂದ ತನಗೇ ಮೊದಲು ಆಗಬೇಕು ಎಂದು ಒಬ್ಬ, ನಿಜವಾದ ದೊಡ್ಡವನು ತಾನು ಎಂದು ಇನ್ನೊಬ್ಬ. ಇಬ್ಬರಿಗೂ ಒಟ್ಟಿಗೆ ಮಾಡೋಣವೆಂದರೆ ಇನ್ನೊಬ್ಬ ಕೆಲಸಗಾರ ಬೇಕು. ಇನ್ನೊಂದು ಕೈ ಬಂದರೆ ಪ್ರಯೋಗ ಕೆಟ್ಟಿತು. ಮೇಷ್ಟ್ರು ಯೋಚಿಸಿ ತೀರ್ಪು ಕೊಟ್ಟರು. ನಿಂಗರಾಜು ಇಲ್ಲಿ ಒಂದು ಗೀರು, ಅಲ್ಲಿ ಒಂದು ಗೀರು ಎಳೆಯಬೇಕು. ಬೆಸ ತಾರೀಕಿನಲ್ಲಿ ಮೊದಲ ಗೀರು ದೊಡ್ಡಮಾದಯ್ಯನಿಗೆ, ಸಮ ತಾರೀಕಿನಲ್ಲಿ ಚಿಕ್ಕಮಾದಯ್ಯನಿಗೆ.

ಹೀಗೆ ಯಳಂದೂರಿನಲ್ಲಿ ಯಾರೂ ಕಂಡಿರದ ಶೇವಿಂಗು ನಡೆಯತೊಡಗಿತು. ನಿಂಗರಾಜು ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ಕುರ್ಚಿಯಿಂದ ಕುರ್ಚಿಗೆ ಓಡಾಡಿದ. ಮಂಗಳವಾರದ ರಜೆಯಲ್ಲೂ ಷಟರ್ ಅರ್ಧ ಎತ್ತಿ ಇದೇ ಓಡಾಟ. ಆ ಇಬ್ಬರೋ ಕನ್ನಡಿ ನೋಡಿಕೊಂಡು ತಮ್ಮ ತಮ್ಮ ಮುಖಕ್ಕೇ ಹೇಳುವವರಂತೆ ಬೈದುಕೊಳ್ಳುವರು.

"ಕೆಲವ್ರ ಮೊಖ ಎಷ್ಟ್ ಕೆರುದ್ರೂ ಅಷ್ಟೆ," ಎಂದು ಒಬ್ಬ.

"ಮೊಖ ನೋಡ್ಕಂಡ್ ಮಾತಾಡ್ಬೇಕು," ಎಂದು ಅದೇ ಮುಖದ ಇನ್ನೊಬ್ಬ.

ಸಂಜೆ ಐದಕ್ಕೆ ಮೇಷ್ಟ್ರು ಟಿವಿಎಸ್ ಹತ್ತಿ ಅಗರಕ್ಕೆ ಹೋಗುತ್ತಿದ್ದರು. ಗೋಡೆಯ ಈಚೆ ಮನೆಯಲ್ಲಿ ದೊಡ್ಡಮಾದಯ್ಯನನ್ನು, ಆಚೆ ಮನೆಯಲ್ಲಿ ಚಿಕ್ಕಮಾದಯ್ಯನನ್ನು ಜಗಲಿಯ ಮೇಲೆ ಕೂರಿಸಿ, ಒಂದು ಉಂಡೆ ಹತ್ತಿಯನ್ನು ಕಿವಿಯಿಂದ ಗಲ್ಲದವರೆಗೆ ಒಂದೇ ಸಮ ಎಳೆಯುವುದು. ಮೊಳೆತ ಕೂದಲಿಗೆ ಸಿಕ್ಕಿಕೊಂಡ ಹತ್ತಿಯ ಎಳೆಗಳನ್ನು ಭೂತಗನ್ನಡಿ ಹಿಡಿದು ಎಣಿಸುವುದು. ಎಳೆ ಕಡಿಮೆಯಾದಷ್ಟೂ ಕೆನ್ನೆ ನುಣುಪು. ಅಗರದ ಹೆಂಗಸರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಮೇಷ್ಟ್ರು ತಲೆ ಎತ್ತುತ್ತಿರಲಿಲ್ಲ. ಹನ್ನೆರಡು ದಿನ ದೊಡ್ಡಮಾದಯ್ಯನಿಗೆ ಹನ್ನೊಂದರ ಆಸುಪಾಸು, ಚಿಕ್ಕಮಾದಯ್ಯನಿಗೆ ಹದಿನೈದರ ಆಸುಪಾಸು. ಕಾರ್ಬನ್ ಗೆಲ್ಲುತ್ತಿತ್ತು. ಮೇಷ್ಟ್ರಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ನವೆಂಬರ್ ಒಂದಕ್ಕೆ ಕಷ್ಟ ಎದುರಾಯಿತು. ಹಿಂದಿನ ದಿನ ಮೂವತ್ತೊಂದು, ಬೆಸ. ಇವತ್ತು ಒಂದು, ಅದೂ ಬೆಸ. ನಿಂಗರಾಜು ನೀಲಿ ಕುರ್ಚಿಯ ಕಡೆ ಕಾಲಿಡುತ್ತಲೇ ಚಿಕ್ಕಮಾದಯ್ಯ ನೊರೆ ತುಂಬಿದ ಮುಖದಲ್ಲೇ ಎದ್ದುನಿಂತ.

"ನಿನ್ನೇನೂ ಅವ್ನೇ, ಇವತ್ತೂ ಅವ್ನೇ. ಇದ್ಯಾವ್ ನ್ಯಾಯ ಸಾ?"

"ಕ್ಯಾಲೆಂಡರ್ ನಾನು ಮಾಡಿದ್ದಲ್ಲಪ್ಪ," ಎಂದರು ಮೇಷ್ಟ್ರು.

"ರೂಲ್ಸ್ ಮಾಡ್ದೋರು ನೀವ್ ತಾನೆ?"

ದೊಡ್ಡಮಾದಯ್ಯ ಕನ್ನಡಿಗೆ ಹೇಳಿದ: "ರೂಲ್ಸ್ ಅಂದ್ರೆ ರೂಲ್ಸು. ಬೇಕಾದಂಗೆ ತಿರುಗ್ಸಾಕೆ ಅದೇನು ಸೂಲಗಿತ್ತಿ ಬಾಯಾ?"

ಹೊರಗೆ ಆಟೋ ಸ್ಟ್ಯಾಂಡಿನವರು ಬಾವುಟ ಹಾರಿಸಿ ಮೈಕು ಹಚ್ಚಿದ್ದರು, ಸಿಹಿ ಹಂಚುತ್ತಿದ್ದರು. "ನೀವಿಬ್ಬರೂ ಕೂತು ಯೋಚನೆ ಮಾಡಿ" ಎಂದು ಹೇಳಿ ಮೇಷ್ಟ್ರು ನಿಂಗರಾಜುವನ್ನು ಎಳೆದುಕೊಂಡು ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಇಬ್ಬರೂ ಇದ್ದಲ್ಲೇ ಇದ್ದರು, ಎರಡು ಮುಖದ ಮೇಲೂ ನೊರೆ ಒಣಗಿ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು.

"ಓಗ್ಲಿ ಬುಡಿ ಸಾ," ಎಂದ ಚಿಕ್ಕಮಾದಯ್ಯ. "ಇವತ್ತು ಅವ್ರುದೇ ಮೊದ್ಲಾಗ್ಲಿ."

ನಿಯಮಕ್ಕೆ ತಲೆಬಾಗಿದನಲ್ಲ ಎಂದು ಮೇಷ್ಟ್ರಿಗೆ ಸಂತೋಷವಾಯಿತು. ಆತ 'ಅವನು' ಎನ್ನದೆ 'ಅವರು' ಎಂದದ್ದನ್ನು ಗಮನಿಸಲಿಲ್ಲ.

ಮೂರನೆಯ ತಾರೀಕು ಸಂಜೆ ಲೆಕ್ಕ ತಲೆಕೆಳಗಾಯಿತು. ದೊಡ್ಡಮಾದಯ್ಯನಿಗೆ ಹದಿನಾರು ಎಳೆ, ಚಿಕ್ಕಮಾದಯ್ಯನಿಗೆ ಹತ್ತು. ನಾಲ್ಕಕ್ಕೂ ಹಾಗೆಯೇ. ಐದು, ಆರು ಮತ್ತೆ ಮೊದಲಿನಂತೆ. ಏಳಕ್ಕೆ ಮತ್ತೆ ತಿರುಗಿತು, ಎಂಟಕ್ಕೂ ಹಾಗೇ ಉಳಿಯಿತು. ಮೇಷ್ಟ್ರು ಅವತ್ತು ಸಂಜೆ ನೆಟ್ಟಗೆ ನಿಂಗರಾಜುವಿನ ಶಾಪಿಗೆ ಬಂದರು.

"ನೀನು ಬ್ಲೇಡು ಅದಲು ಬದಲು ಮಾಡಿದ್ದೀಯ."

"ನಾನಾ?" ನಿಂಗರಾಜುವಿನ ಕಣ್ಣಲ್ಲಿ ನೀರು ಬಂತು. "ಮಾದಪ್ಪನಾಣೆ ಸಾ. ವಾದ ಬ್ಯಾರೆ, ಮ್ವಾಸ ಬ್ಯಾರೆ. ಬೇಕಾದ್ರೆ ಡಬ್ಬಿ ನೋಡಿ."

ಬಳಸಿದ ಬ್ಲೇಡುಗಳನ್ನು ದಿನದ ಚೀಟಿ ಸಮೇತ ಎರಡು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಕಿಡುವ ಏರ್ಪಾಟು ಮೇಷ್ಟ್ರದೇ. ನೀಲಿ ಕುರ್ಚಿಯ ಡಬ್ಬಿ ತೆಗೆದು ಕಾಗದದ ಮೇಲೆ ಸುರಿದರು. ಮೂರು, ನಾಲ್ಕು, ಏಳರ ಬ್ಲೇಡುಗಳಲ್ಲೂ ತುಕ್ಕು ಅರಿಸಿನದ ಹಾಗೆ ಹೂ ಬಿಟ್ಟಿತ್ತು. ಎಂಟರದಕ್ಕೂ ಅಂಚಿನಲ್ಲಿ ಆಗಲೇ ಚುಕ್ಕೆ ಎದ್ದಿತ್ತು. ಕೆಂಪು ಕುರ್ಚಿಯ ಡಬ್ಬಿಯಲ್ಲಿ ಎಲ್ಲವೂ ಫಳಫಳ. ನಿಂಗರಾಜು ತಪ್ಪು ಮಾಡಿರಲಿಲ್ಲ. ಆಯಾ ಕುರ್ಚಿಗೆ ಆಯಾ ಬ್ಲೇಡೇ ಬಿದ್ದಿತ್ತು.

ಮೇಷ್ಟ್ರು ಅವನ ಬೆನ್ನು ತಟ್ಟಿ ಕ್ಷಮೆ ಕೇಳಿ ಮನೆಗೆ ಬಂದು ಯೋಚಿಸುತ್ತಾ ಕೂತರು. ಬ್ಲೇಡು ಬದಲಾಗಿಲ್ಲ, ಕುರ್ಚಿ ಬದಲಾಗಿಲ್ಲ. ಬದಲಾದದ್ದು ಕುರ್ಚಿಯ ಮೇಲಿನ ಮುಖ. ಒಬ್ಬ ಇನ್ನೊಬ್ಬನ ಕುರ್ಚಿಯಲ್ಲಿ ಕದ್ದು ಕೂತಿದ್ದರೆ ಶಾಪಿನ ಗಾಜು ಒಡೆಯುವಂಥ ಜಗಳವಾಗಬೇಕಿತ್ತು. ಆಗಲಿಲ್ಲ. ಅಂದರೆ ಇಬ್ಬರೂ ಒಪ್ಪಿಯೇ ಕೂತಿದ್ದರು. ಒಪ್ಪಬೇಕಾದರೆ ಮಾತಾಡಬೇಕು. ಒಂದು ಸಲವಲ್ಲ, ಎರಡು ಸಲವಾದರೂ.

ಹತ್ತಿಯ ಎಳೆ ಎಣಿಸಲು ಹೋದವರಿಗೆ ಹನ್ನೊಂದು ವರ್ಷದ ಮೌನ ಮುರಿದದ್ದು ಸಿಕ್ಕಿತ್ತು.

ಮಾರನೆಯ ದಿನ ಒಂಬತ್ತು, ಪ್ರಯೋಗದ ಕೊನೆಯ ದಿನ, ಭಾನುವಾರ. ಸಂಜೆ ಆರಕ್ಕೆ ಶಾಪಿನ ಮುಂದೆ ಫಲಿತಾಂಶ ಹೇಳುತ್ತೇನೆಂದು ಮೇಷ್ಟ್ರು ಊರಿಗೆಲ್ಲಾ ಸಾರಿಬಿಟ್ಟಿದ್ದರು. ಬೆಳಿಗ್ಗೆ ಶೇವಿಂಗು ಮುಗಿದ ಮೇಲೆ ನಿಂಗರಾಜುವನ್ನು ಟೀ ತರಲು ಕಳಿಸಿ, ಷಟರ್ ಅರ್ಧಕ್ಕೆ ಇಳಿಸಿ, ಇಬ್ಬರ ನಡುವೆ ನಿಂತು ಕೇಳಿದರು.

"ಯಾವತ್ತಿಂದ ಮಾತಾಡ್ತಾ ಇದ್ದೀರಿ?"

"ಯಾರು? ನಾವಾ?" ಇಬ್ಬರೂ ಒಟ್ಟಿಗೇ ಅಂದರು. ಒಟ್ಟಿಗೆ ಅಂದದ್ದಕ್ಕೆ ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಷ್ಟ್ರು ಪುಸ್ತಕ ಬಿಡಿಸಿ ಅಂಕಿಗಳನ್ನು ತೋರಿಸಿದರು. ತುಕ್ಕಿನ ಬ್ಲೇಡುಗಳನ್ನೂ ತೋರಿಸಿದರು. ದೊಡ್ಡಮಾದಯ್ಯ ಟವೆಲಿನಿಂದ ಮುಖ ಒರೆಸಿಕೊಂಡ.

"ಬಾವುಟದ್ ದಿನ ಸಾ," ಎಂದ ಮೆಲ್ಲಗೆ. "ನೊರೆ ಒಣಗಿ ಮೊಖ ಕಡಿಯಾಕ್ ಅತ್ತಿತ್ತು. ಇಂವ 'ನಿಂಗೂ ಕಡೀತದಾ' ಅಂದ. ಊಂ ಅಂದ್ಬುಟ್ಟೆ. ಬಾಯಿ ಜಾರ್ತು."

"ಆಮ್ಯಾಕೆ ನಂದು ವತ್ತಾರೆ ಉರೀತದೆ ಅಂದೆ," ಎಂದ ಚಿಕ್ಕಮಾದಯ್ಯ. "ಅಂಗಾದ್ರೆ ಒಂದೆರಡ್ ದಿನ ನಂದ್ರಲ್ ಕುಂತ್ಕಂಡ್ ನೋಡು ಅಂದ್ರು. ನೋಡ್ದೆ. ಅದೇ ಚೆಂದಾಗದೆ ಸಾ, ನೀಲಿದು."

ಕೊನೆಯ ಮಾತು ಕೇಳಿ ಮೇಷ್ಟ್ರಿಗೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಅಂಕಿ ಹೇಳಿದ್ದನ್ನೇ ಕೆನ್ನೆಯೂ ಹೇಳಿತ್ತು. ಸಂಜೆ ಇದನ್ನು ಬಿಡಿಸಿ ಹೇಳಿದರೆ ಆಯಿತು. ಅದಲು ಬದಲಾದ ನಾಲ್ಕು ದಿನವನ್ನು ತಿರುಗಿಸಿ ಬರೆದರೆ ನಿನ್ನೆಯವರೆಗಿನ ಇಪ್ಪತ್ತು ದಿನವೂ ಕಾರ್ಬನ್ನಿನದೇ ಗೆಲುವು.

"ಸಾ," ದೊಡ್ಡಮಾದಯ್ಯ ಕೈ ಹಿಡಿದುಕೊಂಡ. "ಯಾರ್ಗೂ ಯೋಳ್ಬೇಡಿ."

"ಯಾಕಪ್ಪ? ಒಳ್ಳೇ ಸುದ್ದಿ ತಾನೆ?"

"ಅನ್ನೊಂದ್ ವರ್ಸ ಊರ್ ಮುಂದೆ ಅಷ್ಟೊಂದ್ ಆಡಿವ್ನಿ ಸಾ. ಇವನ್ ಮೊಖ ನೋಡಿದ್ರೆ ನೀರ್ ಕುಡಿಯಾಕಿಲ್ಲ ಅಂದಿವ್ನಿ. ಈಗ ಒಂದ್ ಶೇವಿಂಗ್ಗೆ ರಾಜಿ ಆದ್ರು ಅಂದ್ರೆ ಏನ್ ಮರ್ವಾದೆ? ನಮ್ ಹೆಂಗಸ್ರು ನಕ್ಕೇ ಸಾಯಿಸ್ಬುಡ್ತಾರೆ."

"ಎಂಗೋ ಮೆಲ್ಲಗೆ ಇನ್ನೊಂದ್ ಎರಡ್ ವರ್ಸದಲ್ಲಿ ಸರಿ ಮಾಡ್ಕತೀವಿ," ಎಂದ ಚಿಕ್ಕಮಾದಯ್ಯ. "ಈಗ್ಲೇ ಬಯಲಾದ್ರೆ ಮತ್ತೆ ಮಾತ್ ಬಿಡ್ಬೇಕಾಯ್ತದೆ. ಬ್ಯಾರೆ ದಾರಿ ಇಲ್ಲ."

ಷಟರಿನ ಕೆಳಗೆ ನಿಂಗರಾಜುವಿನ ಕಾಲು, ಟೀ ಲೋಟ ಕಾಣಿಸಿದವು. ಇಬ್ಬರೂ ಥಟ್ಟನೆ ಬೆನ್ನು ತಿರುಗಿಸಿ ಕೂತರು.

ಆ ಮಧ್ಯಾಹ್ನ ಮೇಷ್ಟ್ರು ಊಟ ಮಾಡಲಿಲ್ಲ. ಸುಳ್ಳು ಅಂಕಿ ಬರೆದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಅವರು. ಪುಸ್ತಕದಲ್ಲಿ ನಿಜವಿದೆ, ನಿಜ ತಮ್ಮ ಕಡೆಗೇ ಇದೆ, ಅದನ್ನು ಹೇಳಲು ಬಾಯಿಯೂ ಇದೆ. ಅದಲು ಬದಲನ್ನು ಹೇಳದೆ ಬರೀ ಅಂಕಿ ಓದಿದರೆ ಯಾರಾದರೂ ಯಾಕೆ ಹೀಗೆ ಎಂದು ಕೇಳಿಯೇ ಕೇಳುತ್ತಾರೆ. ಕೊನೆಗೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬರಿಗೈಯಲ್ಲಿ ಹೊರಟರು.

ಶಾಪಿನ ಮುಂದೆ ಮೂವತ್ತು ನಲವತ್ತು ಜನ ಸೇರಿದ್ದರು. ಅಗರದಿಂದಲೂ ಒಂದು ಆಟೋ ತುಂಬ ಬಂದಿದ್ದರು. ದೊಡ್ಡಮಾದಯ್ಯ ಲೈಟ್ ಕಂಬದ ಈಚೆ, ಚಿಕ್ಕಮಾದಯ್ಯ ಕಂಬದ ಆಚೆ, ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಇಪ್ಪತ್ತೊಂದು ದಿನದ ಪ್ರಯೋಗದಿಂದ ತಿಳಿದು ಬಂದದ್ದೇನೆಂದರೆ," ಎಂದು ನಿಲ್ಲಿಸಿದರು. "ಕಾರ್ಬನ್ ಸ್ಟೀಲಿಗೂ ಸ್ಟೈನ್‌ಲೆಸ್ಸಿಗೂ ಏನೂ ವ್ಯತ್ಯಾಸವಿಲ್ಲ. ತುಕ್ಕು ಹಿಡಿಯದ ಕಾರಣ ಸ್ಟೈನ್‌ಲೆಸ್ಸೇ ವಾಸಿ."

ನಿಂಗರಾಜು ಒಂದು ಗಳಿಗೆ ನಂಬಲಿಲ್ಲ. ಆಮೇಲೆ, "ಯೋಳ್ಲಿಲ್ವಾ ಸಾ ನಾನು!" ಎಂದು ಕೂಗಿ ಎಲ್ಲರಿಗೂ ಟೀ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಯಾರೋ ಮೇಷ್ಟ್ರನ್ನು ದೊಡ್ಡ ಮನಸ್ಸಿನವರು, ಸೋತದ್ದನ್ನು ಒಪ್ಪಿಕೊಂಡರು ಎಂದು ಹೊಗಳಿದರು. ಮೇಷ್ಟ್ರು ಟೀ ಲೋಟ ಹಿಡಿದು ಕಂಬದ ಕಡೆ ನೋಡಿದರು. ಇಬ್ಬರು ಮಾದಯ್ಯಂದಿರೂ ಬೇರೆ ಬೇರೆ ದಿಕ್ಕಿನಲ್ಲಿ ಮುಖ ಮಾಡಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮನೆಗೆ ನಡೆದು ಬರುವಾಗ ಚನ್ನಾಜಮ್ಮ ಜೊತೆಗಿದ್ದರು. "ನಿಮ್ ಬ್ಲೇಡೇ ಗೆಲ್ತದೆ ಅಂತಿದ್ರಿ?" ಎಂದರು.

"ಗೆಲ್ಲಲಿಲ್ಲ. ಏನು ಮಾಡೋದು."

"ಓಗ್ಲಿ ಬುಡಿ. ಅವ್ರಿಬ್ರು ಮಾತಾಡಂಗಾಯ್ತಲ್ಲ, ಅದೇ ಪುಣ್ಯ."

ಮೇಷ್ಟ್ರು ನಿಂತೇಬಿಟ್ಟರು. "ಯಾರಿಬ್ಬರು?"

"ಮಾದಯ್ಯಂದ್ರು ಕಣ್ರೀ. ಎಂಟತ್ ದಿನದಿಂದ ಗ್ವಾಡೆ ಮ್ಯಾಲಿಂದ ಪಿಸಪಿಸ ಅಂತಾನೇ ಅವ್ರಂತೆ. ಅಗರದಲ್ಲಿ ಎಲ್ಲಾರ್ಗೂ ಗೊತ್ತು. ಪಾಪ, ಅವ್ರು ಗೊತ್ತಿಲ್ಲ ಅನ್ಕಂಡವ್ರೆ, ಊರೋರೂ ಗೊತ್ತಿಲ್ದಂಗೆ ಇದ್ಬುಟ್ಟವ್ರೆ. ಇವತ್ ಆಟೋದಲ್ಲಿ ಬಂದೋರೆಲ್ಲಾ ನಗು ತಡ್ಕಳಾಕೆ ಎಷ್ಟ್ ಕಷ್ಟಪಟ್ರು ಗೊತ್ತಾ?"

ಶಿವಮಲ್ಲಪ್ಪ ಮೇಷ್ಟ್ರು ಹಿಂದೆ ತಿರುಗಿ ನೋಡಿದರು. ಶಾಪಿನ ಮುಂದೆ ಇನ್ನೂ ಜನವಿದ್ದರು. ನಿಂಗರಾಜು ಒಂದು ಸ್ಟೈನ್‌ಲೆಸ್ ಬ್ಲೇಡನ್ನು ಲೈಟಿಗೆ ಹಿಡಿದು ಯಾರಿಗೋ ತೋರಿಸುತ್ತಿದ್ದ. ಬೀರುವಿನಲ್ಲಿ ಪುಸ್ತಕ ಇತ್ತು, ಓಡಿ ಹೋಗಿ ತಂದರೆ ಹತ್ತು ನಿಮಿಷ. ಅವರು ಎರಡು ಹೆಜ್ಜೆ ಹಿಂದಕ್ಕೆ ಇಟ್ಟರು. ಆಗ ಅಗರದ ಆಟೋ ಹೊರಟಿತು. ಮುಂದೆ ಡ್ರೈವರ್ ಪಕ್ಕದಲ್ಲಿ ಒಬ್ಬ ಮಾದಯ್ಯ, ಹಿಂದೆ ಜನರ ನಡುವೆ ಇನ್ನೊಬ್ಬ. ಇಬ್ಬರೂ ಬಿಗಿದ ಮುಖದಲ್ಲಿ ಹೊರಗೆ ನೋಡುತ್ತಿದ್ದರು, ನಡುವಿನವರೆಲ್ಲಾ ಅಷ್ಟೇ ಗಂಭೀರವಾಗಿ ತಮ್ಮ ತಮ್ಮ ಮೊಣಕಾಲು ನೋಡುತ್ತಿದ್ದರು. ಆಟೋ ಅವರನ್ನು ದಾಟಿ ಹೋಯಿತು.

"ಏನ್ರೀ, ಯಾಕ್ ನಿಂತ್ರಿ?" ಎಂದರು ಚನ್ನಾಜಮ್ಮ.

"ಏನಿಲ್ಲ," ಎಂದರು ಮೇಷ್ಟ್ರು. "ಹಸಿವಾಗ್ತಿದೆ. ಮಧ್ಯಾಹ್ನದ ಸಾರು ಇದೆಯಾ?"